ಹೆಂಗಸರ ದೆವ್ವದ ಕಥೆಗಳು: ದಾದರ್ ಮತ್ತು ಸುತ್ತಮುತ್ತ

ಗಂಡಸರು ಹೇಳುವ ದೆವ್ವ ಸಾಮಾನ್ಯವಾಗಿ ದಾರಿಯಲ್ಲಿ ಸಿಗುತ್ತದೆ. ಸೇತುವೆಯ ಮೇಲೆ, ಹುಣಸೆಮರದ ಬುಡದಲ್ಲಿ, ಸೆಕೆಂಡ್ ಶೋ ಮುಗಿಸಿ ಒಬ್ಬನೇ ಬರುವ ಹೊತ್ತಿನಲ್ಲಿ, ಬಿಳಿ ಸೀರೆಯುಟ್ಟು, ಮಲ್ಲಿಗೆ ಮುಡಿದು. ಹೆಂಗಸರು ಹೇಳುವ ದೆವ್ವ ದಾರಿಗೆ ಇಳಿಯುವುದು ಕಡಿಮೆ. ಅದು ಬಚ್ಚಲಲ್ಲಿರುತ್ತದೆ, ಬಾವಿಕಟ್ಟೆಯಲ್ಲಿರುತ್ತದೆ, ಬಾಣಂತಿ ಕೋಣೆಯಲ್ಲಿ ತೊಟ್ಟಿಲ ಪಕ್ಕ ನಿಂತಿರುತ್ತದೆ. ಮನೆಯವರಿಗೆ ಅದರ ಹೆಸರು ಗೊತ್ತು, ಬದುಕಿದ್ದಾಗ ಅದಕ್ಕೆ ಸಲ್ಲಬೇಕಾಗಿದ್ದು ಏನು, ಸಲ್ಲದೆ ಹೋದದ್ದು ಏನು ಎನ್ನುವುದೂ ಗೊತ್ತು. ಈ ಕಥೆಗಳ ಸೆಳೆತವೆಲ್ಲ ಇರುವುದು ಈ ಬಾಕಿಯ ಲೆಕ್ಕದಲ್ಲಿ. ಕನ್ನಡ, ತುಳು, ಮರಾಠಿಗಳಲ್ಲಿ ಹೆಂಗಸರ ದೆವ್ವದ ಕಥೆ ಬಾಯಿಮಾತಿನಲ್ಲಿ ಹೇರಳ, ಅಚ್ಚಿನಲ್ಲಿ ವಿರಳ. ಇಂಗ್ಲಿಷಿನಲ್ಲಿ ಅದು ನೂರೈವತ್ತು ವರ್ಷಗಳಿಗೂ ಮಿಗಿಲಾಗಿ ಬೆಳೆದು ನಿಂತ ಪ್ರಕಾರ. ಈ ನಾಲ್ಕೂ ಒಂದೇ ಕಟ್ಟಡದ ಮೆಟ್ಟಿಲು ಹತ್ತಿಳಿಯುವ ಜಾಗ ಮುಂಬಯಿಯ ದಾದರ್.

ದಾದರ್ ಇಂದಿನ ರೂಪಕ್ಕೆ ಬಂದದ್ದೇ ಸಾವಿನ ಭಯದಿಂದ. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗಾಳಿ ಬೆಳಕಿಲ್ಲದ ಓಣಿಗಳೇ ರೋಗದ ಮನೆ ಎಂದು ನಂಬಿದ ಸರ್ಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಕಟ್ಟಿತು. ದಾದರ್, ಮಾಟುಂಗಾ, ವಡಾಲಾ, ಸಾಯನ್ ಸೇರಿಸಿ ಬಡಾವಣೆಯ ನಕ್ಷೆ ಬರೆಸಿತು. ಹಿಂದೂ ಕಾಲೊನಿ, ಪಾರ್ಸಿ ಕಾಲೊನಿಗಳ ಅಗಲ ರಸ್ತೆಗಳು ಆ ನಕ್ಷೆಯವು. 1920ರ ದಶಕದ ಮೊದಲಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಗಿರಣಿ ಕೆಲಸಗಾರರಿಗಾಗಿ ನಾಲ್ಕು ಕಡೆ 207 ಚಾಳುಗಳನ್ನು ಎಬ್ಬಿಸಿತು. ಅವುಗಳಲ್ಲಿ 42 ದಾದರ್ ಪೂರ್ವಕ್ಕೆ ಅಂಟಿದ ನಾಯಗಾಂವಿನಲ್ಲಿವೆ. ಒಂದು ಕುಟುಂಬಕ್ಕೆ 160 ಚದರಡಿಯ ಒಂದು ಕೋಣೆ, ಮಹಡಿಗೊಂದು ಉದ್ದನೆಯ ಪಡಸಾಲೆ, ಅದರ ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಪಾಯಖಾನೆ.

ಇಲ್ಲಿ ದೆವ್ವಕ್ಕೆ ಒಂದು ತೊಡಕಾಗುತ್ತದೆ. ದೆವ್ವ ಎಂದರೆ ಖಾಲಿ ಕೋಣೆ ಬೇಕು, ಬೀಗ ಹಾಕಿದ ಅಟ್ಟ ಬೇಕು, ಹಿತ್ತಿಲು ಬೇಕು. ಎಂಟು ಜನ ಕಾಲು ಮಡಚಿ ಮಲಗುವ ಚಾಳಿನ ಖೋಲಿಯಲ್ಲಿ ಅದು ಎಲ್ಲಿ ನಿಂತೀತು? ಹಾಗಾಗಿ ಚಾಳಿನ ದೆವ್ವಗಳು ಯಾರದೂ ಅಲ್ಲದ ಜಾಗಗಳನ್ನು ಹಿಡಿದವು: ಎರಡನೆಯ ಮತ್ತು ಮೂರನೆಯ ಮಹಡಿಯ ನಡುವಿನ ಮೆಟ್ಟಿಲ ತಿರುವು, ಪಾಯಖಾನೆಗೆ ಹೋಗುವ ಕತ್ತಲ ದಾರಿ, ನಸುಕಿನಲ್ಲಿ ನೀರು ಬರುವ ನಲ್ಲಿ. ಪಕ್ಕದ ಮಾಹೀಮ್‌ನ ಹಳೆಯ ಚಾಳೊಂದರ ಬಗ್ಗೆ ಮುಂಬಯಿಯಲ್ಲೆಲ್ಲ ಹರಡಿರುವ ಕಥೆಯೂ ನೀರಿನದೇ. ನೀರು ಸೇದಲು ಹೋದ ಹೆಂಗಸು ಕಾಲು ಜಾರಿ ಬಾವಿಗೆ ಬಿದ್ದಳು; ಕೂಗಿದರೂ ಯಾರೂ ಸಮಯಕ್ಕೆ ಬರಲಿಲ್ಲ; ಆಮೇಲೆ ಬಾವಿ ಮುಚ್ಚಿದರೂ ರಾತ್ರಿ ಅಲ್ಲಿ ಓಡಾಡುತ್ತಾಳೆ. ಪತ್ರಿಕೆಗಳು ಇದನ್ನು ನಗರದ ಭೂತಬಂಗಲೆಗಳ ಪಟ್ಟಿಯಲ್ಲಿ ಸೇರಿಸಿ ಮಜಾ ತೆಗೆದುಕೊಳ್ಳುತ್ತವೆ. ಹೆಂಗಸರು ಹೇಳುವಾಗ ಒತ್ತು ಬೀಳುವುದು ಬೇರೆ ಕಡೆ. ಆ ಹೊತ್ತಿನಲ್ಲಿ ಅವಳೊಬ್ಬಳನ್ನೇ ನೀರಿಗೆ ಕಳಿಸಿದವರು ಯಾರು?

ಊರಿಂದ ಬಂದ ದೆವ್ವಗಳು

ದಾದರ್, ಮಾಟುಂಗಾ, ಮಾಹೀಮ್‌ಗಳ ಕನ್ನಡ ತುಳು ಬದುಕು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೇರೂರಿತು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಮೊದಲು ಬಂದವರು ಗಂಡಸರು: ಹೋಟೆಲಿನ ಹುಡುಗರು, ಬ್ಯಾಂಕಿನ ಗುಮಾಸ್ತರು, ರಾತ್ರಿಶಾಲೆಯಲ್ಲಿ ಓದಿದವರು. ಹೆಂಗಸರು ಬಂದದ್ದು ಆಮೇಲೆ, ಮದುವೆಯಾಗಿ. ದೈವಗಳ ಕೋಲ, ನೇಮ, ಪೂಜೆ ಊರಿನಲ್ಲೇ ಉಳಿದವು, ವರ್ಷಕ್ಕೊಮ್ಮೆ ರಜೆ ಹಾಕಿ ಹೋಗಬೇಕು. ಕುಲೆಗಳು ಮಾತ್ರ ಹೆಂಗಸರ ಜೊತೆ ಬಂದವು.

ತುಳುವಿನಲ್ಲಿ ಕುಲೆ ಎಂದರೆ ಸತ್ತ ಮನೆಯವರ ಆತ್ಮ. ಭಯಪಡಿಸುವ ಪ್ರೇತ ಎನ್ನುವುದಕ್ಕಿಂತ ಊಟಕ್ಕೆ ಕಾದಿರುವ ಹಿರಿಯರು ಎಂದರೆ ಅರ್ಥಕ್ಕೆ ಹತ್ತಿರ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ಜಡಿಮಳೆಯಲ್ಲಿ, ಕುಲೆಗಳಿಗೆ ಎಲೆ ಹಾಕಿ ಬಡಿಸುವ ಕ್ರಮವಿದೆ. ಮದುವೆಯ ವಯಸ್ಸಿಗೆ ಮುಂಚೆ ಸತ್ತ ಮಕ್ಕಳಿಗೆ ಎರಡು ಮನೆಯವರು ಸೇರಿ ಜಾತಕ ನೋಡಿ, ಸೀರೆ ಧೋತ್ರ ಇಟ್ಟು ‘ಕುಲೆ ಮದಿಮೆ’ ಮಾಡಿಸುವುದು ದಕ್ಷಿಣ ಕನ್ನಡದಲ್ಲಿ ಇಂದಿಗೂ ಉಂಟು. ಸತ್ತವಳಿಗೂ ವಯಸ್ಸಾಗುತ್ತದೆ, ಸತ್ತವಳಿಗೂ ಗಂಡು ಹುಡುಕಬೇಕು, ಇಲ್ಲವಾದರೆ ತಂಗಿಯ ಮದುವೆಗೆ ಅಡ್ಡಿ. ಮಗಳ ಮದುವೆಯೆಂಬ ಚಿಂತೆ ಸಾವಿನಿಂದಲೂ ತೀರುವುದಿಲ್ಲ ಎನ್ನುವುದನ್ನು ಯಾವ ಕಾದಂಬರಿಕಾರ್ತಿಯೂ ಇಷ್ಟು ನೇರವಾಗಿ ಬರೆದಿಲ್ಲ.

ಈ ಲೋಕದ ಮಹಾಕಥೆ ಸಿರಿ ಪಾಡ್ದನ. ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಮಂಗಳೂರಿನ ವಿದ್ವಾಂಸರು 1990ರಲ್ಲಿ ಧ್ವನಿಮುದ್ರಿಸಿ, 1998ರಲ್ಲಿ 15,683 ಸಾಲುಗಳ ಗ್ರಂಥವಾಗಿ ತಂದರು. ಹಾಡಿದವರು ಗಂಡಸು. ಆದರೆ ಇದೇ ಕಥೆ ನೇಜಿ ನೆಡುವ ಹೆಂಗಸರ ಬಾಯಲ್ಲಿ, ತುಂಡುತುಂಡಾಗಿ, ತಲೆಮಾರುಗಳಿಂದ ಹರಿಯುತ್ತ ಬಂದದ್ದು, ಎ. ವಿ. ನಾವಡರು ಸಂಪಾದಿಸಿದ ರಾಮಕ್ಕ ಮುಗ್ಗೇರ್ತಿಯ ಸಿರಿ ಪಾಡ್ದನ ಆ ಹೆಣ್ಣುದನಿಯ ದಾಖಲೆ. ಗಂಡ ಕಾಂತು ಪೂಂಜ ತನಗಾಗಿ ತಂದ ಸೀರೆಯನ್ನು ಮೊದಲು ಸೂಳೆ ಉಟ್ಟು ನೋಡಿದ್ದಾಳೆಂದು ತಿಳಿದ ಸಿರಿ ಆ ಸೀರೆಯನ್ನು ಮುಟ್ಟುವುದಿಲ್ಲ. ಕೊನೆಗೆ ಗಂಡನನ್ನೇ ಬಿಟ್ಟು ಕೂಸನ್ನೆತ್ತಿಕೊಂಡು ಹೊರಡುತ್ತಾಳೆ. ಅವಳ ಮೊಮ್ಮಕ್ಕಳು, ಮಗಳು ಸೊನ್ನೆಯ ಮಕ್ಕಳು, ಅಬ್ಬಗೆ ದಾರಗೆ ಎಂಬ ಅವಳಿಗಳು. ಚೆನ್ನೆಮಣೆ ಆಡಬೇಡಿರೆಂದು ಹೆತ್ತವರು ಮಣೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮದುವೆಯ ಮಾತಿಗೆಂದು ಹೊರಗೆ ಹೋಗಿರುತ್ತಾರೆ. ಹುಡುಗಿಯರು ಪೆಟ್ಟಿಗೆ ತೆರೆದು ಆಡುತ್ತಾರೆ. ಸೋಲು ಗೆಲುವಿನ ಜಗಳಕ್ಕೆ ಒಬ್ಬಳು ಇನ್ನೊಬ್ಬಳ ತಲೆಗೆ ಅದೇ ಮಣೆಯಿಂದ ಹೊಡೆಯುತ್ತಾಳೆ, ಹೆಣವನ್ನು ಬಾವಿಗೆ ನೂಕುತ್ತಾಳೆ, ಆಮೇಲೆ ತಾನೂ ಹಾರುತ್ತಾಳೆ. ಆಟಿಯ ಮಳೆಗೆ ಮನೆಮನೆಯಲ್ಲೂ ಚೆನ್ನೆಮಣೆ ಹೊರಬಂದರೂ ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಎನ್ನುವ ನಿಷೇಧ ಈ ಕಥೆಯದು.

ಸಿರಿಜಾತ್ರೆಗೆ ಬಂದರೆ ಕಥೆ ಮೈಮೇಲೆ ಬರುತ್ತದೆ. ನಂದಳಿಕೆ, ಕವತ್ತಾರು, ಹಿರಿಯಡಕದಂಥ ಆಲಡೆ ಕ್ಷೇತ್ರಗಳಲ್ಲಿ ಬಿಳಿ ಸೀರೆಯುಟ್ಟು ಹಿಂಗಾರ ಹಿಡಿದ ಹೆಂಗಸರು ಸಾಲಾಗಿ ನಿಂತು, ತಾನು ಸಿರಿ, ತಾನು ಸೊನ್ನೆ, ತಾನು ದಾರಗೆ ಎಂದು ಮಾತಾಡತೊಡಗುತ್ತಾರೆ. ಸಿರಿಯ ಮಗ ಕುಮಾರನ ಪಾತ್ರಿ ಎದುರು ನಿಂತು ಪ್ರಶ್ನೆ ಕೇಳುತ್ತಾನೆ. ಮನೆಯವರು ಸುತ್ತ ನಿಂತು ಕೇಳಿಸಿಕೊಳ್ಳುತ್ತಾರೆ. ವರ್ಷವೆಲ್ಲ ಬಾಯಿ ಬಿಡದ ಸೊಸೆ ಆ ರಾತ್ರಿ ಮಾತಾಡಿದರೆ ಅತ್ತೆಯೂ ಗಂಡನೂ ಕೈಮುಗಿದೇ ಕೇಳಬೇಕು. ದೆವ್ವದ ಕಥೆ ಹೆಂಗಸರಿಗೆ ಏನು ಕೊಡುತ್ತದೆ ಎಂದು ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಉತ್ತರದ ಮುಕ್ಕಾಲು ಪಾಲು ಈ ಅಂಗಳದಲ್ಲಿದೆ.

ದಾದರಿಗೆ ಬಂದ ತುಳು ಹೆಂಗಸರಿಗೆ ಅಲ್ಲಿನ ಮರಾಠಿ ನೆರೆಯವರ ದೆವ್ವಗಳನ್ನು ಪರಿಚಯ ಮಾಡಿಕೊಳ್ಳಲು ಹೆಚ್ಚು ದಿನ ಬೇಕಾಗಿರಲಾರದು. ಕೊಂಕಣದ ಪಟ್ಟಿ ದೊಡ್ಡದು. ಮುಂಜ ಎಂದರೆ ಉಪನಯನದ ಆಸುಪಾಸಿನಲ್ಲಿ ಸತ್ತ ಬ್ರಾಹ್ಮಣ ವಟು, ಅರಳಿಮರದ ನಿವಾಸಿ. ಜಖೀಣ ಎಂದರೆ ಗಂಡ ಬದುಕಿರುವಾಗಲೇ ಸತ್ತ ಮುತ್ತೈದೆ. ಹಡಳ ಎಂದರೆ ಬಸುರಿಯಾಗಿ ಅಥವಾ ಬಾಣಂತಿಯಾಗಿ ಸತ್ತವಳು. ಎದುರಿನಿಂದ ತುಂಬುಮೈ, ಬೆನ್ನ ಕಡೆಯಿಂದ ಬರೀ ಎಲುಬು. ನಮ್ಮಲ್ಲಿ ಬಾಣಂತಿ ದೆವ್ವ ಎನ್ನುವುದೂ ಇವಳನ್ನೇ. ಈ ಪಟ್ಟಿ ಅಚ್ಚಾದ ಬಗೆ ಸ್ವಾರಸ್ಯದ್ದು. ನಾಸಿಕದ ಕಲೆಕ್ಟರ್ ಎ. ಎಂ. ಟಿ. ಜಾಕ್ಸನ್ ಮುಂಬಯಿ ಪ್ರಾಂತ್ಯದ ಶಾಲಾ ಮಾಸ್ತರರಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡಿದ್ದ. 1909ರ ಡಿಸೆಂಬರಿನಲ್ಲಿ ನಾಸಿಕದ ನಾಟಕಮಂದಿರದಲ್ಲಿ ಅನಂತ ಕಾನ್ಹೇರೆಯ ಗುಂಡಿಗೆ ಅವನು ಬಲಿಯಾದ. ಆ ಕಾಗದಗಳನ್ನು ಆರ್. ಇ. ಎಂಥೋವನ್ ಜೋಡಿಸಿ ಪ್ರಕಟಿಸಿದ. 1924ರಲ್ಲಿ ಅವನ ದೊಡ್ಡ ಗ್ರಂಥವೂ ಬಂತು. ಉತ್ತರ ಬರೆದ ಮಾಸ್ತರರೆಲ್ಲ ಗಂಡಸರು. ಬಾಣಂತಿ ಕೋಣೆಯ ಹೊಸ್ತಿಲು ದಾಟದ ಅವರಿಗೆ ಹಡಳಿನ ಬೆನ್ನು ಹೇಗಿರುತ್ತದೆಂದು ಹೇಳಿದವರು ಅವರವರ ತಾಯಂದಿರು, ಅಜ್ಜಿಯರು ತಾನೇ. ಪುಸ್ತಕದಲ್ಲಿ ಮಾಸ್ತರರ ಊರು ಶಾಲೆಗಳಿವೆ, ತಾಯಂದಿರ ಹೆಸರಿಲ್ಲ.

ಅದೇ ಬರವಣಿಗೆಯಲ್ಲಿ ಸಿಗುವ ಒಂದು ಸಂಗತಿ ಎಲ್ಲಕ್ಕಿಂತ ಮನಸ್ಸು ಹಿಡಿಯುತ್ತದೆ. ಎರಡನೆಯ ಹೆಂಡತಿಯಾಗಿ ಬಂದವಳು ಸತ್ತ ಮೊದಲನೆಯವಳ ರೂಪ ಒತ್ತಿದ ಸಣ್ಣ ಬೆಳ್ಳಿ ತಗಡನ್ನು ಕೊರಳಲ್ಲಿ ಹಾಕಿಕೊಳ್ಳುವ ರೂಢಿ ಪಶ್ಚಿಮ ಭಾರತದಲ್ಲಿತ್ತು. ಹಬ್ಬಕ್ಕೆ ಹೊಸ ಸೀರೆ ಬಂದರೆ ಮೊದಲು ಆ ತಗಡಿಗೆ ಮುಟ್ಟಿಸಬೇಕು. ತಾಳಿಯ ಜೊತೆಗೇ ಸವತಿಯೂ ಎದೆಯ ಮೇಲೆ ತೂಗುತ್ತಾಳೆ.

ಅಚ್ಚಿನಲ್ಲಿ

ಹೀಗೆ ಬಾಯಲ್ಲಿ ತುಂಬಿ ತುಳುಕಿದ್ದು ಅಚ್ಚಿಗೆ ಬರುವಾಗ ಕೈ ಬದಲಾಯಿತು. ಕಾಶಿನಾಥ ರಘುನಾಥ ಮಿತ್ರರ ‘ಮನೋರಂಜನ’ 1909ರಲ್ಲಿ ಹೊರತಂದ ದೀಪಾವಳಿ ಸಂಚಿಕೆಯಿಂದ ಮರಾಠಿಯ ದಿವಾಳಿ ಅಂಕಗಳ ಪರಂಪರೆ ಶುರುವಾಯಿತು. ಅಕ್ಟೋಬರ್ ನವೆಂಬರಿನಲ್ಲಿ ದಾದರಿನ ಪುಸ್ತಕದಂಗಡಿಗಳಲ್ಲಿ ಅವು ರಾಶಿ ಬೀಳುತ್ತವೆ. ಕೊಳ್ಳಲಾಗದವರಿಗೆ ಬಾಡಿಗೆ ಗ್ರಂಥಾಲಯಗಳಿವೆ. 1898ರ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ ದಾದರ್ ಪೂರ್ವದಲ್ಲಿದೆ. ಈ ಪರಂಪರೆಯಲ್ಲಿ ಭಯಕಥೆಗೆ ಕಾಯಂ ಜಾಗ. ಅದನ್ನು ತುಂಬಿದ ದೊಡ್ಡ ಹೆಸರುಗಳು ನಾರಾಯಣ ಧಾರಪ್ ಮತ್ತು ರತ್ನಾಕರ ಮತ್ಕರಿ, ಇಬ್ಬರೂ ಗಂಡಸರು. ಮತ್ಕರಿಯವರ ಗೂಢಕಥೆಗಳನ್ನು ಓದಿ ದೀಪವಾರಿಸಲು ಹೆದರಿದವರು ಮರಾಠಿ ಮನೆಗಳಲ್ಲಿ ಇಂದಿಗೂ ಸಿಗುತ್ತಾರೆ, ಆ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ವಿಚಿತ್ರ ಗಮನಿಸಬೇಕು. ಧಾರಪರ ‘ಆಜಿ’ ಎಂಬ ಕಥೆಯ ನೆರಳು 2018ರ ‘ತುಂಬಾಡ್’ ಸಿನಿಮಾದ ಮೊದಲ ಭಾಗದ ಮೇಲಿದೆ: ಸರಪಳಿ ಬಿಗಿದ ಮುದುಕಿ, ಅವಳಿಗೆ ಹೆದರಿ ಹೆದರಿ ಉಣಿಸುವ ಹುಡುಗ. ಒಲೆಯ ಮುಂದೆ ಕೂತು ದೆವ್ವದ ಕಥೆ ಹೇಳುತ್ತಿದ್ದ ಅಜ್ಜಿ ಗಂಡಸಿನ ಲೇಖನಿಗೆ ಸಿಕ್ಕೊಡನೆ ತಾನೇ ದೆವ್ವವಾದಳು.

ಕನ್ನಡದ ಮೊದಲ ಲೇಖಕಿಯರು ದೆವ್ವದ ತಂಟೆಗೆ ಹೋಗಲಿಲ್ಲ. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿದ ನಂಜನಗೂಡು ತಿರುಮಲಾಂಬ, ‘ಕಂಬನಿ’ಯ ಕೊಡಗಿನ ಗೌರಮ್ಮ, ಇವರ ಕಾಳಜಿ ವಿಧವೆ, ವರದಕ್ಷಿಣೆ, ಶಿಕ್ಷಣ. ಕಾರಣ ಊಹಿಸುವುದು ಕಷ್ಟವಲ್ಲ. ಹೆಂಗಸರು ಮೂಢರು, ದೆವ್ವ ಪಿಶಾಚಿ ನಂಬುವವರು, ಇವರಿಗೆ ಓದು ಯಾಕೆ ಎನ್ನುವ ಮಾತಿನ ಎದುರು ಕೂತು ಬರೆಯುವವಳು ದೆವ್ವವನ್ನು ಪುಟದೊಳಗೆ ಬಿಡುವುದಾದರೂ ಹೇಗೆ? ಸುಧಾರಣೆಯ ಕಾಲದಲ್ಲಿ ದೆವ್ವ ಹೆಂಗಸರ ಮೇಲಿನ ಆರೋಪವಾಗಿತ್ತು.

ಆ ಆರೋಪವನ್ನು ತಿರುಗಿಸಿ ಹಿಡಿದವರು ತ್ರಿವೇಣಿ. 1928ರಲ್ಲಿ ಹುಟ್ಟಿದ ಅನಸೂಯಾ ಶಂಕರ್ ಮನಶ್ಶಾಸ್ತ್ರ ಓದಿದವರು. ಕನ್ನಡ ಕಾದಂಬರಿಯಲ್ಲಿ ಮಾಂತ್ರಿಕ ಕೂರುತ್ತಿದ್ದ ಜಾಗದಲ್ಲಿ ಅವರು ಮನೋವೈದ್ಯನನ್ನು ಕೂರಿಸಿದರು. ಹೆಸರಿನಲ್ಲೇ ಬೆಚ್ಚಿಸುವ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1966ರಲ್ಲಿ ಮಲಯಾಳಂನಲ್ಲಿ ‘ಪೂಚ್ಚಕ್ಕಣ್ಣಿ’ ಎಂದು ಸಿನಿಮಾ ಮಾಡಿದರು. ‘ಶರಪಂಜರ’ 1971ರಲ್ಲಿ ಕಲ್ಪನಾ ಅಭಿನಯದಲ್ಲಿ ಕನ್ನಡಿಗರೆಲ್ಲರ ಕಥೆಯಾಯಿತು. ಅದರ ಕಾವೇರಿಗೆ ಬಾಣಂತಿತನದಲ್ಲಿ ಮನಸ್ಸು ಕೆಡುತ್ತದೆ. ಹಳೆಯ ಮನೆಯಾಗಿದ್ದರೆ ಗಾಳಿ ಸೋಕಿತು, ಹಸಿಮೈಗೆ ಪೀಡೆ ಬಡಿಯಿತು ಎನ್ನುತ್ತಿದ್ದರು, ಬೇವಿನ ಸೊಪ್ಪು ಹಿಡಿದವನೊಬ್ಬ ಬರುತ್ತಿದ್ದ. ಇಲ್ಲಿ ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಭಯದ ಕಥೆ ಶುರುವಾಗುವುದು ಅಲ್ಲಿಂದ. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತ ಹೋಗುತ್ತದೆ. ನಕ್ಕರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ತನ್ನ ಮನೆಯಲ್ಲಿ, ತನ್ನ ಮಕ್ಕಳ ನಡುವೆ, ಉಸಿರಾಡುತ್ತಿರುವ ಹೆಂಗಸು ಸತ್ತು ಮರಳಿದವಳಂತೆ ಓಡಾಡಬೇಕಾಗುತ್ತದೆ. ದೆವ್ವವಿಲ್ಲದ ಈ ಕಾದಂಬರಿಯನ್ನು ಕನ್ನಡದ ಶ್ರೇಷ್ಠ ದೆವ್ವದ ಕಥೆ ಎಂದು ಕರೆಯಲು ನನಗೆ ಸಂಕೋಚವಿಲ್ಲ: ಇಲ್ಲಿ ಓದುವವಳು ದೆವ್ವದ ಒಳಗಿನಿಂದ ಮನೆಯನ್ನು ನೋಡುತ್ತಾಳೆ. ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 34.

ತ್ರಿವೇಣಿಯ ಬಳಿಕ ಕನ್ನಡ ಲೇಖಕಿಯರ ಒಳ್ಳೆಯ ಬರಹ ಈ ದಾರಿಯಲ್ಲೇ ನಡೆಯಿತು. ವೈದೇಹಿಯವರ ಕಥೆಯ ಅಕ್ಕುವಿಗೆ ಊರವರು ಇಟ್ಟ ಹೆಸರು ಹುಚ್ಚಿ. ಬಿಟ್ಟುಹೋದ ಗಂಡ, ಇಲ್ಲದ ಬಸಿರು ಇವೆಲ್ಲ ಅವಳ ಮಾತಿನಲ್ಲಿ ಇವೆ ಎನ್ನುವಷ್ಟು ಗಟ್ಟಿ. ಜನಪ್ರಿಯ ಭಯಕಾದಂಬರಿಗಳ ಪೇಟೆ ಮಾತ್ರ ಇಲ್ಲೂ ಬಹುಪಾಲು ಗಂಡಸರದಾಯಿತು. ಮುಖಪುಟದಲ್ಲಿ ಕೂದಲು ಕೆದರಿದ ಹೆಣ್ಣು, ಒಳಗೆ ಅವಳಿಂದ ಪಾರಾಗುವ ಗಂಡು.

ಹೊರನಾಡಿನ ಮನೆಗಳು

ಇಂಗ್ಲೆಂಡಿನಲ್ಲಿ ದಿವಾಳಿ ಅಂಕದ ಕೆಲಸ ಮಾಡಿದ್ದು ಕ್ರಿಸ್‌ಮಸ್ ಸಂಚಿಕೆ. ಚಳಿಯ ರಾತ್ರಿಗೆ ದೆವ್ವದ ಕಥೆ ಬೇಕೇ ಬೇಕು, ಪತ್ರಿಕೆಗಳು ದುಡ್ಡು ಕೊಡುತ್ತಿದ್ದವು, ಬರೆದು ಸಂಸಾರ ನಡೆಸಬೇಕಾದ ಹೆಂಗಸರಿದ್ದರು. ವಿಕ್ಟೋರಿಯಾ ಕಾಲದ ದೆವ್ವದ ಕಥೆಗಳ ದೊಡ್ಡ ಪಾಲು ಲೇಖಕಿಯರದು. ಎಲಿಜಬೆತ್ ಗ್ಯಾಸ್ಕೆಲ್ 1852ರಲ್ಲಿ ಡಿಕನ್ಸ್‌ನ ಪತ್ರಿಕೆಗೆ ಬರೆದ ‘ದಿ ಓಲ್ಡ್ ನರ್ಸಸ್ ಸ್ಟೋರಿ’ಯನ್ನು ಹೇಳುವವಳು ಒಬ್ಬ ದಾದಿ. ಒಬ್ಬನೇ ಸಂಗೀತಗಾರನನ್ನು ಪ್ರೀತಿಸಿದ ಇಬ್ಬರು ಅಕ್ಕತಂಗಿಯರು, ಅವರ ಹಟ, ಹಿಮದಲ್ಲಿ ಹೊರದೂಡಲ್ಪಟ್ಟ ತಾಯಿ ಮಗು. ಕಿಟಕಿಯ ಹೊರಗೆ ನಿಂತು ಕರೆಯುವ ಆ ಮಗುವನ್ನು ಕಂಡಾಗ ಕರಾವಳಿಯಲ್ಲಿ ಓದುವವಳಿಗೆ ಬಾವಿಯೊಳಗಿನ ಅಬ್ಬಗೆ ದಾರಗೆಯರು ನೆನಪಾಗದಿದ್ದರೆ ಆಶ್ಚರ್ಯ.

ದಾದರಿನವರು ಬಿದ್ದು ಬಿದ್ದು ಓದಬೇಕಾದವಳು ಷಾರ್ಲಟ್ ರಿಡೆಲ್. ಗಂಡನ ಸಾಲ ತಲೆಯ ಮೇಲಿದ್ದ ಈ ಲೇಖಕಿಯ ಕಥೆಗಳಲ್ಲಿ ದೆವ್ವಕ್ಕೂ ಬಾಡಿಗೆಗೂ ಬಿಡದ ನಂಟು. 1875ರ ‘ದಿ ಅನ್‌ಇನ್‌ಹ್ಯಾಬಿಟೆಡ್ ಹೌಸ್’ನಲ್ಲಿ ದೆವ್ವವಿರುವ ಕಾರಣ ಬಾಡಿಗೆದಾರರು ನಿಲ್ಲುವುದಿಲ್ಲ, ಮಾಲಕಿಯ ಕಡೆಯವಳು ವಕೀಲರ ಕಚೇರಿಗೆ ಅಲೆಯುತ್ತಾಳೆ. ಮುಂಬಯಿಯ ಬಾಡಿಗೆ ಕಾಯಿದೆ, ಪಗಡಿ, ಬಿಲ್ಡರನ ನೋಟಿಸು ಇವನ್ನೆಲ್ಲ ಬಲ್ಲವರು ಇದನ್ನು ಓದಿದರೆ ಹೆದರುವುದಿಲ್ಲ. ಸ್ಟೇಷನ್ನಿಗೆ ಐದು ನಿಮಿಷ, ಬಾಡಿಗೆ ಕಡಿಮೆ, ರಾತ್ರಿ ಸ್ವಲ್ಪ ಸದ್ದು ಎಂದರೆ ಸಾಮಾನು ಸಮೇತ ಅದೇ ದಿನ ಬರುವವರು ಇಲ್ಲಿದ್ದಾರೆ. ಖಾಲಿ ಮಾಡದ ಬಾಡಿಗೆದಾರ ಎನ್ನುವುದು ದೆವ್ವಕ್ಕೆ ದಾದರ್ ಕೊಡಬಹುದಾದ ವ್ಯಾಖ್ಯೆ.

ಐರ್ಲೆಂಡಿನ ಬಿ. ಎಂ. ಕ್ರೋಕರ್ ಸೈನ್ಯಾಧಿಕಾರಿಯ ಹೆಂಡತಿಯಾಗಿ ಭಾರತದಲ್ಲಿ ವರ್ಷಗಟ್ಟಲೆ ಇದ್ದವಳು. 1893ರ ‘ಟು ಲೆಟ್’ ಸಂಕಲನದಲ್ಲಿ ಡಾಕ್ ಬಂಗಲೆಯ ದೆವ್ವಗಳಿವೆ. ಪರದೇಶದಲ್ಲಿ ಒಂಟಿ ಹೆಣ್ಣಿನ ಅಳುಕು ಅದರಲ್ಲಿ ನಿಜ. ಭಾರತೀಯರು ಮಾತ್ರ ಲಾಂದ್ರ ಹಿಡಿದು ಬಂದು ಹೋಗುವವರಷ್ಟೇ. ಅಮೆರಿಕದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ನ ನಾಯಕಿ ಬಾಣಂತಿ. ಡಾಕ್ಟರ್ ಗಂಡ ವಿಶ್ರಾಂತಿಯೆಂದು ಕೋಣೆಯಲ್ಲಿಡುತ್ತಾನೆ, ಬರೆಯಬೇಡ ಎನ್ನುತ್ತಾನೆ. ಗೋಡೆಯ ಕಾಗದದ ಚಿತ್ತಾರದ ಹಿಂದೆ ಹೆಂಗಸೊಬ್ಬಳು ತೆವಳುವುದು ಅವಳಿಗೆ ಕಾಣತೊಡಗುತ್ತದೆ. ಮೈಸೂರಿನ ತ್ರಿವೇಣಿಗೂ ಅವಳಿಗೂ ನಡುವೆ ಎಪ್ಪತ್ತು ವರ್ಷ, ಎರಡು ಖಂಡ. ಕೋಣೆ ಒಂದೇ.

ಈಡಿತ್ ವಾರ್ಟನ್‌ಗೆ ಇಪ್ಪತ್ತೇಳಾಗುವ ತನಕ ದೆವ್ವದ ಕಥೆಯ ಪುಸ್ತಕ ಕೋಣೆಯಲ್ಲಿದ್ದರೆ ನಿದ್ದೆ ಬರುತ್ತಿರಲಿಲ್ಲವಂತೆ. ಅವಳೇ ಮುಂದೆ ಆ ಪ್ರಕಾರದಲ್ಲಿ ಪಳಗಿದಳು. ಷರ್ಲಿ ಜಾಕ್ಸನ್‌ಳ 1959ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ನ ಎಲಿನೋರ್ ಹನ್ನೊಂದು ವರ್ಷ ಹಾಸಿಗೆ ಹಿಡಿದ ತಾಯಿಯ ಚಾಕರಿ ಮಾಡಿದವಳು. ತಾಯಿ ಗೋಡೆ ಬಡಿದು ಕರೆಯುತ್ತಿದ್ದಳು. ಭೂತದ ಮನೆಯಲ್ಲಿ ರಾತ್ರಿ ಬಾಗಿಲು ದಬದಬ ಬಡಿದಾಗ ಎಲಿನೋರ್‌ಗೆ ಅರೆನಿದ್ದೆಯಲ್ಲಿ ಮೊದಲು ನೆನಪಾಗುವುದು ಅದೇ ಬಡಿತ. ಟೋನಿ ಮಾರಿಸನ್ನಳ 1987ರ ‘ಬಿಲವೆಡ್’ ಈ ಪರಂಪರೆಯ ಶಿಖರ. ಗುಲಾಮಗಿರಿಗೆ ಮರಳಿಸುವುದಕ್ಕಿಂತ ಮೇಲೆಂದು ತಾಯಿಯೇ ಕೊಂದ ಕೂಸು ಬೆಳೆದ ಹುಡುಗಿಯಾಗಿ ಮನೆಗೆ ಬರುತ್ತದೆ. ಮೂಲದಲ್ಲಿ 1856ರ ಮಾರ್ಗರೆಟ್ ಗಾರ್ನರ್ ಪ್ರಕರಣವಿದೆ. ಕುಲೆ ಮದಿಮೆ ಮಾಡಿಸಿದ ಮನೆಯವರಿಗೆ, ಸತ್ತ ಮಗು ಸಾವಿನಲ್ಲೂ ಬೆಳೆಯುತ್ತದೆ ಎನ್ನುವುದನ್ನು ವಿವರಿಸಬೇಕಿಲ್ಲ.

ಈ ಮನೆಗಳ ಕನ್ನಡ ಬಾಗಿಲು ತೆರೆದವರಲ್ಲಿ ಮುಂಬಯಿಯವರೇ ಆದ ಶ್ಯಾಮಲಾ ಮಾಧವ ಮುಖ್ಯರು. ಮೇರಿ ಶೆಲ್ಲಿಯ ‘ಫ್ರಾಂಕಿನ್‌ಸ್ಟೈನ್’, ಅಟ್ಟದಲ್ಲಿ ಬಚ್ಚಿಟ್ಟ ಹೆಂಡತಿಯಿರುವ ‘ಜೇನ್ ಏರ್’, ಕಿಟಕಿಯಲ್ಲಿ ಸತ್ತವಳ ಕೈ ಕಾಣುವ ‘ವುದರಿಂಗ್ ಹೈಟ್ಸ್’ ಇವನ್ನು ಅವರು ಕನ್ನಡಕ್ಕೆ ತಂದಿದ್ದಾರೆ. ಮೂರೂ ಲೇಖಕಿಯರ ಕೃತಿಗಳು, ಮೂರರಲ್ಲೂ ಮನೆಯಿಂದ ಹೊರಗಿಟ್ಟದ್ದು ಬಾಗಿಲು ತಟ್ಟುತ್ತದೆ. ಮುಂಬಯಿ ಕನ್ನಡ ಲೇಖಕಿಯರ ಬಳಗ ‘ಸೃಜನಾ’, ಮುಂಬಯಿಯಲ್ಲಿ ಕೂತು ಕುಂದಾಪುರದ ಮನೆಗಳನ್ನು ಬರೆದ ಮಿತ್ರಾ ವೆಂಕಟ್ರಾಜ್ ಅವರಂಥ ಕಥೆಗಾರ್ತಿ ಇರುವ ಊರಿನಲ್ಲಿ ಈ ಅನುವಾದಗಳು ಹುಟ್ಟಿದ್ದು ಸಹಜವೇ. ಹೊರನಾಡಿನಲ್ಲಿ ಕೂತವರಿಗೆ ಊರಿನ ಬೀಗ ಹಾಕಿದ ಮನೆ ಹಗಲಲ್ಲೂ ಕಾಡುತ್ತದೆ.

ಬಾಗಿಲು ಮತ್ತು ಬರಹ

1990ರ ದಶಕದಲ್ಲಿ ಕರ್ನಾಟಕದ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಆಗ ಬೆಳೆದವರಿಗೆಲ್ಲ ನೆನಪಿದೆ. ರಾತ್ರಿ ಬಾಗಿಲು ತಟ್ಟುವ ಹೆಣ್ಣು ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಬರಹ ಓದಿ ಹಿಂದಿರುಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ. ಕನ್ನಡ ಓದಬಲ್ಲ ದೆವ್ವ! ಸಾಕ್ಷರತಾ ಆಂದೋಲನದ ದಶಕಕ್ಕೆ ತಕ್ಕುದೇ. ಈ ಕಥೆ ಮುಂಬಯಿಯ ಸಿನಿಮಾದವರ ಕೈಗೆ ಸಿಕ್ಕಿ 2018ರಲ್ಲಿ ‘ಸ್ತ್ರೀ’ ಆಯಿತು, ಊರು ಮಧ್ಯಪ್ರದೇಶದ ಚಂದೇರಿಗೆ ಬದಲಾಯಿತು. ಎರಡು ವರ್ಷದ ಬಳಿಕ ಅನ್ವಿತಾ ದತ್ ಬರೆದು ನಿರ್ದೇಶಿಸಿದ ‘ಬುಲ್ಬುಲ್’ನಲ್ಲಿ ಚುಡೈಲ್ ಎಂಬ ಹೆಣ್ಣುದೆವ್ವದ ತಿರುಗಿದ ಪಾದಕ್ಕೆ ಕಾರಣವೇ ಗಂಡನ ಮನೆಯಲ್ಲಿ ಬಿದ್ದ ಏಟು. ಹೆಂಗಸು ಬರೆದಾಗ ಹಡಳಿನ ಬೆನ್ನೂ ಕಾಣುತ್ತದೆ.

ಕಥೆಯ ಅಂಚಿನಲ್ಲಿ ನಿಜವಾದ ಗಾಯಗಳೂ ಇವೆ. ಮೈಮೇಲೆ ಬಂದವಳನ್ನು ಕೇಳಿಸಿಕೊಳ್ಳುವ ಆಲಡೆಯ ಅಂಗಳ ಒಂದು ಕಡೆಯಾದರೆ, ದೆವ್ವ ಬಿಡಿಸುತ್ತೇನೆಂದು ಹೊಡೆದು ಬರೆ ಹಾಕುವವರು ಇನ್ನೊಂದು ಕಡೆ; ಏಟು ತಿಂದವರಲ್ಲಿ ಹೆಂಗಸರು ಕಡಿಮೆಯಿಲ್ಲ. ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಳ್ಕರ್ ಹತ್ಯೆಯಾದ 2013ರಲ್ಲೇ ಮಹಾರಾಷ್ಟ್ರ ಇಂಥ ಅಮಾನುಷ ಆಚರಣೆಗಳನ್ನು ತಡೆಯಲು ತಂದ ಕಾಯಿದೆಯ ಪಟ್ಟಿಯಲ್ಲಿ ಮೊದಲು ನಮೂದಾದದ್ದು ಭೂತ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದು. ಕರ್ನಾಟಕದ ಕಾಯಿದೆ 2017ರದು.

ನಾಯಗಾಂವಿನ ಚಾಳುಗಳು ಈಗ ಒಂದೊಂದಾಗಿ ಇಳಿಯುತ್ತಿವೆ, ಅವುಗಳ ಜಾಗದಲ್ಲಿ 500 ಚದರಡಿಯ ಫ್ಲ್ಯಾಟುಗಳ ಗೋಪುರಗಳು ಬರುತ್ತಿವೆ. ಪಡಸಾಲೆ ಹೋದ ಮೇಲೆ ಕಥೆ ಹೇಳುವ ಜಾಗ ಉಳಿದದ್ದು ಲೋಕಲ್ ಟ್ರೇನಿನ ಹೆಂಗಸರ ಡಬ್ಬಿ. ಮುಂಬಯಿಯ ಮೊದಲ ಲೇಡೀಸ್ ಸ್ಪೆಷಲ್ 1992ರ ಮೇ 5ರಂದು ಚರ್ಚ್‌ಗೇಟಿನಿಂದ ಬೋರಿವಲಿಗೆ ಹೊರಟಿತು. ಸಂಜೆಯ ಗಾಡಿಗಳಲ್ಲಿ ಬಟಾಣಿ ಸುಲಿಯುತ್ತ, ಮೆಂತ್ಯ ಬಿಡಿಸುತ್ತ ಮಾತಾಡುವುದು ಅದಕ್ಕೂ ಹಳೆಯ ಅಭ್ಯಾಸ. ಕೆಲವು ವರ್ಷಗಳ ಹಿಂದೆ ಅಂಥದೊಂದು ಡಬ್ಬಿಯಲ್ಲಿ, ನನ್ನೆದುರು ಕೂತಿದ್ದ ಉಡುಪಿ ಕಡೆಯ ಹೆಂಗಸು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿ ಬಟಾಣಿ ಸುಲಿಯುತ್ತ ಪಕ್ಕದವಳಿಗೆ ಹೇಳುತ್ತಿದ್ದಳು. ಅವಳ ಅಮ್ಮನ ಚಿಕ್ಕಮ್ಮ ಎರಡನೆಯ ಸಂಬಂಧಕ್ಕೆ ಕೊಟ್ಟವಳಂತೆ. ಮದುವೆಯಾಗಿ ಹೋದ ವಾರವೇ ಶುರುವಾಯಿತಂತೆ: ರಾತ್ರಿ ಅಡುಗೆಮನೆಯಲ್ಲಿ ರುಬ್ಬುವ ಕಲ್ಲು ತಿರುಗುವ ಸದ್ದು. ಬೆಳಿಗ್ಗೆ ಎದ್ದು ನೋಡಿದರೆ ದೋಸೆ ಹಿಟ್ಟು ರುಬ್ಬಿ ಮುಚ್ಚಿಟ್ಟಿದೆ. ಉಪ್ಪು ಒಂದು ಚೂರು ಕಡಿಮೆ; ಸತ್ತ ಮೊದಲನೆಯವಳ ಕೈ ಹಾಗೇ ಇದ್ದದ್ದಂತೆ.

“ಅಯ್ಯೋ ಮಾರಾಯ್ತಿ, ಹೆದರಿಕೆ ಆಗಲಿಲ್ವಾ ಅವರಿಗೆ?”

“ಹೆದರಿಕೆ ಎಂತದ್ದು? ಅವರಿಗೆ ಸಿಟ್ಟು ಬಂದದ್ದು. ಅತ್ತೆ ಅದೇ ದೋಸೆಯನ್ನು ಚಂದ ಆಗಿದೆ ಅಂತ ಎರಡು ಹೆಚ್ಚು ತಿಂದ್ರಂತೆ.”

ಸುತ್ತ ಕೂತವರೆಲ್ಲ ನಕ್ಕರು, ಕನ್ನಡ ಬಾರದ ಒಬ್ಬಳಿಗೆ ಇನ್ನೊಬ್ಬಳು ಮರಾಠಿಯಲ್ಲಿ ಹೇಳಿದಳು, ಅವಳೂ ನಕ್ಕಳು. ಮರುದಿನ ರಾತ್ರಿ ಚಿಕ್ಕಮ್ಮ ಮಲಗಲಿಲ್ಲವಂತೆ. ಅಕ್ಕಿ ಉದ್ದು ನೆನೆಹಾಕಿ, ಉಪ್ಪಿನ ಮರಿಗೆ ಮಡಿಲಲ್ಲಿಟ್ಟುಕೊಂಡು, ಕಲ್ಲಿನ ಎದುರು ಒಂದು ಮಣೆ ಹಾಕಿ, ಇನ್ನೊಂದು ಮಣೆಯ ಮೇಲೆ ತಾನು ಕೂತಳಂತೆ.

“ಆಮೇಲೆ?”

ಅಷ್ಟರಲ್ಲಿ ದಾದರ್ ಬಂತು. ಇಳಿಯುವವರು ಏಳುವ ಮೊದಲೇ ಹತ್ತುವವರು ನುಗ್ಗಿದರು. ಬಟಾಣಿ ಸಿಪ್ಪೆಯ ಚೀಲ ಗಂಟು ಹಾಕುತ್ತ ಅವಳು ಏನೋ ಹೇಳಿದ್ದು ಕಾಣಿಸಿತು, ಕೇಳಿಸಲಿಲ್ಲ. ನಾನು ಪ್ಲಾಟ್‌ಫಾರ್ಮಿನ ಮೇಲಿದ್ದೆ.